ಮಗು ಬೇಡ ಅಂದರೂ ವ್ಯಾಯಾಮ ಮಾಡಿಸಬಹುದೇ?

ಪ್ರಶ್ನೆ:
ರಕ್ತದ ಕ್ಯಾನ್ಸರ್ ಮರುಕಳಿಸಿ, ಈಗ ಉಪಶಾಮಕ ಆರೈಕೆಯಲ್ಲಿರುವ (ಕಾಯಿಲೆ ಗುಣಪಡಿಸಲು ಅಲ್ಲ, ನೋವು-ಸಂಕಟ ತಗ್ಗಿಸಲು ಕೊಡುವ ಆರೈಕೆ) 9 ವರ್ಷದ ಮಗು. ದಿನಾ ನಡೆಸಿದರೆ ಶಕ್ತಿ ಬರುತ್ತೆ ಅಂತ ತಂದೆ-ತಾಯಿ ಪಟ್ಟು ಹಿಡಿದಿದ್ದಾರೆ. ಫಿಸಿಯೊ ಬಂದ ಕೂಡಲೇ ಮಗು ಗೋಡೆ ಕಡೆ ತಿರುಗಿ ಮಲಗುತ್ತೆ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು) 18,000, ಹಿಮೋಗ್ಲೋಬಿನ್ 7.5. ಹೆತ್ತವರ ಸಹಿ ಇದೆ. ಅಷ್ಟು ಸಾಕೇ?

ಉತ್ತರ 1:
ಸಾಲದು. ಮೊದಲು ಆ 'ಬೇಡ'ದ ಹಿಂದೆ ಏನಿದೆ ನೋಡಿ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟಿದ್ದರೆ ಪಾದ ಉರಿಯುತ್ತಿರಬಹುದು, ಪಾದದ ಮುಂಭಾಗ ಎತ್ತಲಾಗದೆ ಎಡವುತ್ತಿರಬಹುದು. ಸ್ಟೀರಾಯ್ಡ್‌ನಿಂದ ತೊಡೆಯ ಸ್ನಾಯು ಸೋತಿದ್ದರೆ ನೆಲದಿಂದ ಏಳುವುದೇ ಕಷ್ಟ. ಇದನ್ನು ಹಠ ಅನ್ನಬೇಡಿ. ನೋವಿದ್ದರೆ, ವೈದ್ಯರು ಬರೆದ ಮಾರ್ಫಿನ್ ಸಿರಪ್ ಕುಡಿಸಿ 30–60 ನಿಮಿಷ ಬಿಟ್ಟು ಶುರು ಮಾಡಿ. ನೋವು, ವಾಕರಿಕೆ, ಭಯ ಮೂರನ್ನೂ ನೋಡಿಕೊಂಡ ಮೇಲೂ ಮಗು ಬೇಡ ಅಂದರೆ ಅದು ನಿಜವಾದ ಬೇಡ. ಜೀವ ಉಳಿಸುವ ಔಷಧಿಯನ್ನು ಮಗು ಬೇಡ ಅಂದರೂ ಕೊಡುವುದಕ್ಕೆ ಕಾರಣ ಇರುತ್ತೆ. ಇಲ್ಲಿ ಆ ಕಾರಣ ಇಲ್ಲ. ವ್ಯಾಯಾಮದ ಲಾಭ ಇವತ್ತೇ ಮಗುವಿಗೆ ಸಿಗಬೇಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಕೂಡ, ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸು, ಪ್ರಬುದ್ಧತೆಗೆ ತಕ್ಕ ಬೆಲೆ ಕೊಡಬೇಕು ಅನ್ನುತ್ತೆ.

ಉತ್ತರ 2:
ಅಂಕಿಗಳ ಬಗ್ಗೆ: ಮಿತಿಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಸಾಮಾನ್ಯವಾಗಿ ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೆ ಭಾರ ಎತ್ತುವುದು, ಜಿಗಿಯುವುದು ಬೇಡ. 20,000ಕ್ಕಿಂತ ಕಡಿಮೆಯಾದರೆ ಕೂರುವುದು, ಕೀಲುಗಳನ್ನು ಮೆಲ್ಲಗೆ ಆಡಿಸುವುದು, ಆಸರೆ ಹಿಡಿದು ನಾಲ್ಕು ಹೆಜ್ಜೆ, ಇಷ್ಟೇ. 10,000ಕ್ಕಿಂತ ಕೆಳಗೆ ವೈದ್ಯರನ್ನು ಕೇಳದೆ ಏನೂ ಬೇಡ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ದಿನ ರಜೆ. ಹಿಮೋಗ್ಲೋಬಿನ್ 8ರ ಕೆಳಗಿದ್ದರೆ ಉಸಿರು, ಎದೆಬಡಿತ, ತಲೆಸುತ್ತು ನೋಡುತ್ತಾ ಹೋಗಿ.

ಆದರೆ ಇದರ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ. ಪ್ಲೇಟ್‌ಲೆಟ್ 9,000 ಇರುವ ಮಗು ತಾನಾಗಿಯೇ ಉಯ್ಯಾಲೆ ಕೇಳಿದರೆ? ಅಂಕಿ ತೋರಿಸಿ ತಡೆಯುವುದೂ ಒಂದು ಹಾನಿಯೇ. ರಕ್ತಸ್ರಾವದ ಅಪಾಯವನ್ನು ವೈದ್ಯರು, ಹೆತ್ತವರು, ಮಗು ಕೂತು ಮಾತಾಡಲಿ. ಒಪ್ಪಿದರೆ ಮೆತ್ತನೆ ನೆಲ, ಹಿಡಿದುಕೊಳ್ಳಲು ಒಬ್ಬರು, ಐದು ನಿಮಿಷ.

ಕಾಲಿನ ಶಕ್ತಿ ಹೊಸದಾಗಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮ ಬಿಟ್ಟು ತಕ್ಷಣ ವೈದ್ಯರಿಗೆ ತಿಳಿಸಿ, ಬೆನ್ನುಹುರಿ ಒತ್ತಿರಬಹುದು.

ಪ್ರಶ್ನೆ ಕೇಳಿದವರು:
ನಡೆದ ದಿನ ಚಾರ್ಟ್‌ಗೆ ಸ್ಟಾರ್ ಅಂಟಿಸಿದರೆ ಹುರುಪು ಬರಬಹುದೇ?

ಉತ್ತರ 3:
ಬೇಡ. ಈ ಹಂತದಲ್ಲಿ ಹೆಜ್ಜೆ ಕಡಿಮೆಯಾಗುತ್ತಲೇ ಹೋಗುತ್ತೆ. ಖಾಲಿ ಚೌಕಗಳನ್ನು ಮಗು ಮಲಗಿದಲ್ಲಿಂದ ದಿನಾ ನೋಡಬೇಕಾಗುತ್ತೆ. ಅದರ ಬದಲು ಕೈ ಎತ್ತಿದರೆ ನಿಲ್ಲಿಸುತ್ತೇವೆ ಅಂತ ಮಾತು ಕೊಡಿ. 'ಇನ್ನೊಂದೇ ಒಂದು' ಅಂತ ಒಮ್ಮೆ ಎಳೆದರೂ ಮಗು ಮತ್ತೆ ನಂಬುವುದಿಲ್ಲ.

ಹೆತ್ತವರಿಗೆ ನೇರವಾಗಿ ಹೇಳಿ: ನಡೆಸಿದರೆ ಕೀಲು ಬಿಗಿಯುವುದು ತಗ್ಗಬಹುದು, ಕಾಯಿಲೆ ನಿಲ್ಲುವುದಿಲ್ಲ. ಜೊತೆಗೆ ಅವರ ಕೈಗೊಂದು ಕೆಲಸ ಕೊಡಿ. ಮಗು ಒಪ್ಪಿದಾಗ, ಮಂಡಿ ನೇರವಾಗಿಟ್ಟು ಪಾದವನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ 20–30 ಸೆಕೆಂಡು ಹಿಡಿಯುವುದು, ಮೂರು ಸಲ, ಜಗ್ಗದೆ.