ಪುಟ್ಟಿಗೆ, ರಾಮನವಮಿಯ ಸಂಗೀತ ಕಚೇರಿಗಳ ಬಗ್ಗೆ

ಪುಟ್ಟಿ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗುಂಪಿನಲ್ಲಿ ಕೇಳಿದ್ದನ್ನು ಈಗ ಕಾಫಿ ಕುಡಿಯುತ್ತಾ ನೋಡಿದೆ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಬರುತ್ತಿದ್ದೀಯ, ನಿನ್ನ ಮೆಚ್ಚಿನ ಗಾಯಕಿಯ ಹೊಸ ಆಲ್ಬಂ ಕೂಡ ಅದೇ ತಿಂಗಳು ಬರುತ್ತದೆ, ಅದಕ್ಕಾಗಿ ಕಾಯುತ್ತಿದ್ದೀಯ. ಸಂಗೀತ ಕೈಯಲ್ಲಿರುವ ಫೋನಿಗೇ ಬರುವಾಗ ಈ ಸೆಕೆಯಲ್ಲಿ ಕೋಟೆ ಹೈಸ್ಕೂಲಿನ ಪೆಂಡಾಲಿಗೆ ಹೋಗಿ ಮೂರು ಗಂಟೆ ಕುಳಿತುಕೊಳ್ಳಲೇಬೇಕೇ ಅತ್ತೆ ಎಂದು ಕೇಳಿದ್ದೀಯ. ಅದರ ಕೆಳಗೆ ಅಣ್ಣ, ‘ಆ ಟ್ರಾಫಿಕ್‌ನಲ್ಲಿ ಯಾರು ಹೋಗುತ್ತಾರೆ, ಮನೆಯಲ್ಲೇ ಟಿವಿಗೆ ಹಾಕಿಕೊಂಡು ಕೇಳೋಣ’ ಎಂದು ಬರೆದಿದ್ದಾನೆ. ಅಣ್ಣನ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ನೀನು ಬರಲೇಬೇಕು. ಯಾಕೆಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಕೆಲಸ ಮಾಡುತ್ತಾ ಕೇಳಿಸಿಕೋ.

ಆಲ್ಬಂ ಬೇಡ ಎನ್ನುವವಳು ನಾನಲ್ಲ. ಬಂದ ದಿನವೇ ಕೇಳು, ನನಗೂ ಕಳುಹಿಸು. ಆದರೆ ರೆಕಾರ್ಡಿಂಗ್ ಎಂದರೆ ಮೊದಲಿನಿಂದಲೂ ಅಳತೆಗೆ ಕತ್ತರಿಸಿದ ಸಂಗೀತ. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟುಗಳ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಪೆಂಡಾಲಿನಲ್ಲಿ ಮುಕ್ಕಾಲು ಗಂಟೆ ತೋಡಿ ರಾಗ ಹಾಡಬಲ್ಲ ವಿದ್ವಾಂಸರು ಅಷ್ಟರಲ್ಲೇ ಕೃತಿ ಮುಗಿಸಬೇಕಾಗಿತ್ತು. ಎಲ್‌ಪಿ ಪ್ಲೇಟು ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು, ಕ್ಯಾಸೆಟ್ಟಿನಲ್ಲಿ ಅರ್ಧ ಗಂಟೆ. ಈಗ ಫೋನಿನಲ್ಲಿ ಕಾಲದ ಕಟ್ಟೇ ಇಲ್ಲ. ಆದರೂ ಹೊಸದಾಗಿ ಬರುವ ಎಷ್ಟೋ ಕೃತಿಗಳು ಐದಾರು ನಿಮಿಷಕ್ಕೆ ಮುಗಿದುಹೋಗುತ್ತವೆ. ಕೃತಿಗೆ ಮೊದಲು ರಾಗವನ್ನು ವಿಸ್ತರಿಸುವ ಆಲಾಪನೆ ಇಲ್ಲ, ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲು ಇಲ್ಲ. ಸ್ಟುಡಿಯೋದಲ್ಲಿ ಒಂದು ಸಂಗತಿ, ಅಂದರೆ ಹಾಡಿನ ಸಾಲಿನ ಒಂದು ಹೊಸ ತಿರುವು, ಸರಿ ಬರಲಿಲ್ಲವೆಂದರೆ ಇನ್ನೊಮ್ಮೆ ಹಾಡಿ ಜೋಡಿಸಬಹುದು. ಕೇಳಲು ಚೆನ್ನಾಗಿಯೇ ಇರುತ್ತದೆ. ಆದರೆ ಹಾಡುವವರು ಆ ಸಂಗತಿಯನ್ನು ಹುಡುಕುತ್ತಿರುವುದು ಅದರಲ್ಲಿ ನಮಗೆ ಕೇಳಿಸುವುದಿಲ್ಲ. ನನಗೆ ಬೇಕಾಗಿರುವುದು ಅದೇ.

ಚೆನ್ನೈಯವರು ಡಿಸೆಂಬರಿಗಾಗಿ ಕಾಯುತ್ತಾರೆ, ಮೈಸೂರಿನವರು ಗಣೇಶನ ಹಬ್ಬಕ್ಕಾಗಿ ಕಾಯುತ್ತಾರೆ. ಬೆಂಗಳೂರಿನ ನಮಗೆ ಕಚೇರಿಗಳ ಕಾಲವೆಂದರೆ ಬೇಸಿಗೆ. ತ್ಯಾಗರಾಜರ ಕೃತಿಗಳಲ್ಲಿ ರಾಮನೇ ತುಂಬಿರುವಾಗ ರಾಮನವಮಿಗೂ ಸಂಗೀತಕ್ಕೂ ನಂಟು ಬೆಳೆದದ್ದು ಸಹಜವೇ. ಕೋಟೆ ಹೈಸ್ಕೂಲಿನ ಪೆಂಡಾಲಿನಲ್ಲಿ ಈ ಕಚೇರಿಗಳನ್ನು ನಡೆಸುವ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯನ್ನು 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶುರುಮಾಡಿದರು. ಪಿಟೀಲಿನ ಚೌಡಯ್ಯನವರು, ಗಾಯಕ ಸೆಮ್ಮಂಗುಡಿಯವರು, ಎಂ.ಎಸ್. ಸುಬ್ಬುಲಕ್ಷ್ಮಿಯವರು ಬಂದ ವೇದಿಕೆ ಅದು. ಮೈಸೂರು ಚೌಡಯ್ಯನವರ ಏಳು ತಂತಿಯ ಪಿಟೀಲಿನ ವಿಷಯ ನಿನಗೆ ಗೊತ್ತಲ್ಲ? ಒಳ್ಳೆಯ ಮೈಕು ಸಿಗದ ಕಾಲದಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಲಿ ಎಂದು ಅವರು ತಂತಿ ಹೆಚ್ಚಿಸಿದರು. ಹಿಂದಿನ ಸಾಲಿನಲ್ಲಿ ಕುಳಿತವರ ಬಗ್ಗೆ ಅಷ್ಟು ಕಾಳಜಿ ಇದ್ದವರು ನುಡಿಸಿದ ಊರಿನಲ್ಲಿ ನಾವು ‘ಟಿವಿಗೆ ಹಾಕಿಕೊಳ್ಳೋಣ’ ಎನ್ನುತ್ತಿದ್ದೇವೆ. ಅಣ್ಣಾ, ಬೇಸರ ಮಾಡಿಕೊಳ್ಳಬೇಡ, ಆದರೆ ನನಗೆ ಇದು ನಿಜವಾಗಿ ನೋವಾಗುತ್ತದೆ.

ಪುಟ್ಟಿ, ನೀನು ಬಂದಾಗ ಆರು ಗಂಟೆಗೇ ಹೋಗಿ ವೇದಿಕೆಯ ಬಲಕ್ಕೋ ಎಡಕ್ಕೋ, ಮೃದಂಗದವರು ಚೆನ್ನಾಗಿ ಕಾಣುವ ಕಡೆ ಕುಳಿತುಕೊಳ್ಳೋಣ. ಬೇಸಿಗೆಯ ಕಚೇರಿಯಲ್ಲಿ ಅವರ ಪಾಡು ನೋಡಬೇಕು. ಒಣ ಸೆಕೆಗೆ ಚರ್ಮ ಬಿಗಿಯುತ್ತದೆ, ಶ್ರುತಿ ಏರುತ್ತದೆ. ಅಶ್ವಿನಿ ಮಳೆಯೋ ಭರಣಿ ಮಳೆಯೋ ಸಂಜೆ ಇದ್ದಕ್ಕಿದ್ದಂತೆ ಸುರಿದರೆ ಗಾಳಿಯ ತೇವಕ್ಕೆ ಅದೇ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಎರಡು ಕೃತಿಗಳ ನಡುವೆ ಸಿಗುವ ಒಂದೆರಡು ನಿಮಿಷದಲ್ಲಿ ಅವರು ಮೃದಂಗವನ್ನು ಮೆಲ್ಲಗೆ ತಿರುಗಿಸುತ್ತಾ, ಅಂಚಿನ ಮೇಲೆ ಮರದ ತುಂಡಿಟ್ಟು ಕಲ್ಲಿನಿಂದ ತಟ್ಟಿ, ಕಿವಿ ಬಗ್ಗಿಸಿ ಮತ್ತೆ ಷಡ್ಜಕ್ಕೆ, ಅಂದರೆ ‘ಸ’ ಸ್ವರಕ್ಕೆ, ತರುತ್ತಾರೆ. ಎಡಬದಿಗೆ ಕಲಸಿ ಹಚ್ಚಿದ ರವೆ ಒಣಗಿತೇ ಎಂದು ಬೆರಳಿನಲ್ಲಿ ಮುಟ್ಟಿ ನೋಡುತ್ತಾರೆ. ಖಂಜಿರ ಎಂಬ ಪುಟ್ಟ ಕೈವಾದ್ಯ ನುಡಿಸುವವರು ಚರ್ಮಕ್ಕೆ ಒಳಗಿನಿಂದ ನೀರು ಸವರಿ ನಾದವನ್ನು ಇಳಿಸಿಕೊಂಡಿರುತ್ತಾರೆ. ಸೆಕೆಗೆ ಅದು ಬೇಗ ಆರಿ, ಮತ್ತೆ ಮತ್ತೆ ಸವರಬೇಕಾಗುತ್ತದೆ. ಆಲ್ಬಂನಲ್ಲಿ ಇದು ಯಾವುದೂ ಇರುವುದಿಲ್ಲ. ಇಷ್ಟೆಲ್ಲ ಕಣ್ಣಾರೆ ನೋಡಿದ ಮೇಲೆ ಹಾಡು ನಿಂತು ತಾಳವಾದ್ಯದವರೇ ನುಡಿಸುವ ತನಿ ಆವರ್ತನ ಕೇಳಿದರೆ, ಎಡಬದಿಯಲ್ಲಿ ಹೊಮ್ಮುವ ಪ್ರತಿಯೊಂದು ಗುಮುಕಿಯ ನಾದದ ಬೆಲೆ ತಿಳಿಯುತ್ತದೆ.

ತನಿ ಎಂದಾಗ ನೆನಪಾಯಿತು. ತನಿ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವ ಅಭ್ಯಾಸ ನಮ್ಮ ಮನೆಯಲ್ಲೂ ಕೆಲವರಿಗಿದೆ. ದಯವಿಟ್ಟು ಈ ಸಲ ಯಾರೂ ಏಳಬೇಡಿ. ಎರಡು ಗಂಟೆ ಇನ್ನೊಬ್ಬರ ಹಾಡನ್ನು ಹಿಡಿದು ನಿಲ್ಲಿಸಿದವರಿಗೆ ಅವರದೇ ಎಂದು ಸಿಗುವುದು ಆ ಹತ್ತು ಹದಿನೈದು ನಿಮಿಷ ಮಾತ್ರ. ಅದೇ ಹೊತ್ತಿಗೆ ಕುರ್ಚಿಗಳನ್ನು ಸರಿಸಿಕೊಂಡು ಜನ ಹೊರಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಫೋನ್ ಎತ್ತಿ ವಿಡಿಯೋ ಮಾಡುವುದೂ ಬೇಡ. ಹಿಂದಿನವರ ಕಣ್ಣಿಗೆ ಬೆಳಕು ಹೊಡೆಯುತ್ತದೆ.

ಇನ್ನೊಂದು ವಿಷಯ. ಕಚೇರಿಯ ಕಲಾವಿದರು ಬಹಳ ಸಲ ಒಟ್ಟಿಗೆ ಅಭ್ಯಾಸ ಮಾಡಿಕೊಂಡು ಬಂದಿರುವುದಿಲ್ಲ. ಮುಖ್ಯ ರಾಗ ಯಾವುದೆಂದು ಪಿಟೀಲಿನವರಿಗೆ ವೇದಿಕೆಯ ಮೇಲೆ ಮೊದಲ ಸಂಚಾರ ಕೇಳಿದಾಗ ತಿಳಿಯುವುದೂ ಉಂಟು. ಗಾಯಕಿ ನೆರವಲಿಗೆ ಒಂದು ಸಾಲು ಎತ್ತಿಕೊಂಡು, ಅದೇ ಮಾತು, ಅದೇ ತಾಳ, ಆದರೆ ಪ್ರತಿ ಆವರ್ತಕ್ಕೂ ಬೇರೆ ದಾರಿ ಹಿಡಿಯುತ್ತಾರೆ; ಪಿಟೀಲು ಅದನ್ನು ಕೇಳಿ, ಅಲ್ಲಿಯೇ ಯೋಚಿಸಿ ಉತ್ತರ ಕೊಡುತ್ತದೆ. ಕೆಲವು ಸಲ ಉತ್ತರ ಎಷ್ಟು ಚೆನ್ನಾಗಿರುತ್ತದೆಂದರೆ ಹಾಡುವವರೇ ನಿಲ್ಲಿಸಿ ಭಲೇ ಎನ್ನುತ್ತಾರೆ. ಪಕ್ಕದಲ್ಲಿ ತೊಡೆ ತಟ್ಟಿ ತಾಳ ಹಾಕುತ್ತಿರುವ ಅಜ್ಜನ ಕೈ ತಪ್ಪಿ, ಅವರು ಪಕ್ಕದವರ ಕೈ ನೋಡಿ ಸರಿಮಾಡಿಕೊಳ್ಳುತ್ತಾರೆ. ನಮ್ಮ ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡುತ್ತಿದ್ದರು. ಆ ವಯಸ್ಸಿನಲ್ಲೂ ಸಾಹಿತ್ಯದ ಒಂದಕ್ಷರ ಮಸುಕಾಗುತ್ತಿರಲಿಲ್ಲ. ಅವರ ರೆಕಾರ್ಡಿಂಗ್‌ಗಳು ಇವೆ, ನಾನು ದಿನಾ ಹಾಕಿಕೊಂಡು ಕೇಳುತ್ತೇನೆ. ಆದರೂ ಅವರ ಎದುರು ಕುಳಿತು ಕೇಳಿದ್ದೇನೆ ಎಂಬುದು ನನಗೆ ದೊಡ್ಡ ಸಂಗತಿ. ನಿನ್ನ ಮೆಚ್ಚಿನ ಗಾಯಕಿಯನ್ನೂ ನೀನು ಹಾಗೆಯೇ ಕೇಳಬೇಕೆಂಬುದು ನನ್ನ ಆಸೆ.

ಹೀಗೆ ಮಾಡು. ಆಲ್ಬಂ ಬಂದ ಮೇಲೆ ಅದರಲ್ಲಿರುವ ರಾಗಗಳನ್ನು ಬರೆದಿಟ್ಟುಕೋ, ಒಂದೊಂದನ್ನೂ ಬಾಯಿಪಾಠ ಆಗುವಷ್ಟು ಕೇಳು. ಅವುಗಳಲ್ಲಿ ಒಂದನ್ನು ಯಾರಾದರೂ ಪೆಂಡಾಲಿನಲ್ಲಿ ಎತ್ತಿಕೊಂಡರೆ, ಎಲ್ಲಿ ಅದೇ ದಾರಿಯಲ್ಲಿ ಹೋದರು, ಎಲ್ಲಿ ಬಿಟ್ಟು ಬೇರೆ ಕಡೆ ಹೊರಟರು ಎಂಬುದು ನಿನಗೇ ಗೊತ್ತಾಗುತ್ತದೆ.

ಅಣ್ಣನ ಟ್ರಾಫಿಕ್ಕಿನ ಚಿಂತೆಗೆ ಉತ್ತರ: ಹಸಿರು ಮಾರ್ಗದ ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಪೆಂಡಾಲು ಹತ್ತಿರವೇ. ಸೆಕೆಗೆ ಹತ್ತಿ ಬಟ್ಟೆ ಸಾಕು. ನೀರಿನ ಬಾಟಲಿಯ ಜತೆ ಬೀಸಣಿಗೆಯನ್ನೂ ನಾನೇ ತರುತ್ತೇನೆ. ಅತ್ತಿಗೆ, ನವಮಿಯ ದಿನ ಪಾನಕ, ಕೋಸಂಬರಿ ನಿಮ್ಮ ಮನೆಯಲ್ಲಿಯೇ ಆಗಲಿ, ಹೆಸರುಬೇಳೆ ನಾನು ನೆನೆಸಿ ತರುತ್ತೇನೆ. ಕಚೇರಿಗಳ ಪಟ್ಟಿ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಪುಟ್ಟಿ, ನೀನು ವಿಮಾನದ ತಾರೀಖು ಮೊದಲು ಹೇಳು. ಮುಂದಿನ ಸಾಲುಗಳ ಟಿಕೆಟ್ ಬೇಗ ಖಾಲಿಯಾಗುತ್ತದೆ. ಅಣ್ಣಾ, ನಿನಗೂ ಸೇರಿಸಿಯೇ ತೆಗೆದುಕೊಳ್ಳುತ್ತೇನೆ.