ಪದಚರ್ಚೆ (ತುರ್ತು): ಗಲಿಸಿಯಾದ ‘ಮಗೊಸ್ತೊ’, ‘ಸಮಾಯೀನ್’, ಕೊರೆದ ಕುಂಬಳಕಾಯಿ – ಕನ್ನಡದಲ್ಲಿ ಏನು ಬರೆಯಬೇಕು?

ಪ್ರಶ್ನೆ – ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಅನುವಾದ ಮುಗಿಸಿ ಕೊಡಬೇಕಾಗಿದೆ. ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಗಲಿಸಿಯಾ ಕರಾವಳಿಯ ಬಗೆಗಿನ ಪ್ರವಾಸ ಲೇಖನ. ಅಕ್ಟೋಬರ್ 31ರ ರಾತ್ರಿಯಿಂದ ನವೆಂಬರ್ 11ರವರೆಗೆ ಅಲ್ಲಿ ನಡೆಯುವ ಆಚರಣೆಗಳೇ ಅದರ ವಸ್ತು.

ಮೊದಲ ತೊಡಕು ‘ಮಗೊಸ್ತೊ’. ಊರವರು ಬಯಲಿನಲ್ಲಿ ಬೆಂಕಿ ಹಾಕಿ, ಆಗಷ್ಟೇ ಉದುರಿದ ಚೆಸ್ಟ್‌ನಟ್‌ಗಳನ್ನು ಅದರಲ್ಲಿ ಬೇಯಿಸಿ, ಆ ವರ್ಷದ ಹೊಸ ವೈನ್ ಮತ್ತು ಚೊರೀಸೊ ಸಾಸೇಜಿನ ಜೊತೆ ತಿನ್ನುತ್ತಾರೆ. ಒಬ್ಬರ ಮುಖಕ್ಕೆ ಇನ್ನೊಬ್ಬರು ಮಸಿ ಬಳಿಯುತ್ತಾರೆ, ಬೆಂಕಿ ಹಾರುತ್ತಾರೆ. ಎರಡನೆಯದು ‘ಸಮಾಯೀನ್’, ಅಕ್ಟೋಬರ್ 31ರ ರಾತ್ರಿಯ ಹಬ್ಬ. ಲೇಖಕರು ಕೆಲವು ಕಡೆ ಇದೇ ರಾತ್ರಿಯನ್ನು ‘ಹ್ಯಾಲೋವೀನ್’ ಎಂದೂ ಬರೆದಿದ್ದಾರೆ. ಮೂರನೆಯದು ಕಣ್ಣು, ಬಾಯಿ ಕೊರೆದು ಒಳಗೆ ಮೇಣದಬತ್ತಿ ಇಟ್ಟ ಕುಂಬಳಕಾಯಿ. ಇದಕ್ಕೆ ಅಲ್ಲಿ ಊರಿಗೊಂದು ಹೆಸರು: ಕಾಲಾಕುಸ್, ಕಾಲಿವೇರಾ, ಹೀಗೆ.

ಕರಡಿನಲ್ಲಿ ‘ಚೆಸ್ಟ್‌ನಟ್ ಹುರಿಯುವ ಹಬ್ಬ’, ‘ಪಾಶ್ಚಾತ್ಯರ ಪಿತೃಪಕ್ಷ’, ‘ಕುಂಬಳಕಾಯಿ ದೀಪ’ ಎಂದು ಬರೆದಿದ್ದೇನೆ. ಮೂರೂ ಒಪ್ಪಿಗೆಯಾಗುತ್ತಿಲ್ಲ. ‘ಶರತ್ಕಾಲ’ದ ಬಗ್ಗೆಯೂ ಅನುಮಾನವಿದೆ. ಚಿತ್ರದ ಅಡಿಬರಹಕ್ಕೆ ಜಾಗ ಕಡಿಮೆ, ಆದ್ದರಿಂದ ಎರಡು ಮೂರು ಪದಗಳಲ್ಲಿ ಹೇಳುವಂತಿರಬೇಕು.


ಉತ್ತರ – ಧಾರವಾಡದಿಂದ

ಹುರಿಯುವುದಲ್ಲ, ಸುಡುವುದು. ಹುರಿಯುವುದಕ್ಕೆ ಬಾಣಲೆ ಬೇಕು, ಕೈಯಾಡಿಸುತ್ತಿರಬೇಕು. ಶೇಂಗಾ ಹುರಿಯುತ್ತೇವೆ, ರವೆ ಹುರಿಯುತ್ತೇವೆ. ಗೆಣಸನ್ನೂ ತೆನೆಯನ್ನೂ ಸುಡುತ್ತೇವೆ. ಗಲಿಸಿಯಾದವರು ಬಳಸುವುದು ತೂತು ಕೊರೆದ ಪಾತ್ರೆಯಾದರೂ ಉರಿ ನೇರವಾಗಿ ಕಾಯಿಗೆ ತಾಗುತ್ತದೆ, ಸಿಪ್ಪೆ ಕರಿಯಾಗುತ್ತದೆ. ಮಸಿ ಬಳಿಯುವ ಆಟ ಹುಟ್ಟಿದ್ದೇ ಆ ಕರಿಯಿಂದ. ‘ಹುರಿಯುವ’ ಎಂದು ಬರೆದರೆ ಮುಂದಿನ ವಾಕ್ಯದ ಮಸಿ ಎಲ್ಲಿಂದ ಬಂತು ಎಂದು ಓದುಗ ಕೇಳುತ್ತಾನೆ.

ನಮ್ಮ ಕಡೆ ಹೊಲದಲ್ಲಿ ಕುಳ್ಳಿನ ಬೆಂಕಿ ಮಾಡಿ ಹಾಲುಗಾಳಿನ ಜೋಳದ ತೆನೆ ಸುಟ್ಟು, ಉಜ್ಜಿ, ನಂಟರನ್ನು ಕರೆದು ಸೀತನಿ ತಿನ್ನಿಸುತ್ತೇವೆ. ಆ ಕೂಟಕ್ಕೆ ನಾವು ‘ಹಬ್ಬ’ ಎನ್ನುವುದಿಲ್ಲ. ‘ಸೀತನಿಗೆ ಬರ್ರಿ’ ಎಂದು ಕರೆಯುತ್ತೇವೆ, ತಿನ್ನುವ ವಸ್ತುವಿನ ಹೆಸರೇ ಕೂಟದ ಹೆಸರೂ ಆಗಿರುತ್ತದೆ. ಮಗೊಸ್ತೊ ಕೂಡ ಅದೇ ಜಾತಿಯದು. ಹಾಗಾಗಿ ‘ಚೆಸ್ಟ್‌ನಟ್ ಸುಡುವ ಕೂಟ’ ಎಂದು ಬರೆಯಿರಿ, ಸಾಕು.

ಇನ್ನೊಂದು ಮಾತು. ನಿಘಂಟು ನೋಡಿ ಯಾರಾದರೂ ‘ಶಿಂಗಾಡ’ ಎಂದು ಸೂಚಿಸಿದರೆ ಒಪ್ಪಬೇಡಿ. ಅದು ಕೆರೆಯಲ್ಲಿ ಬೆಳೆಯುವ ಬೇರೆಯೇ ಕಾಯಿ.


ಉತ್ತರ – ಮೈಸೂರಿನಿಂದ

ಪ್ರಶ್ನೆ ಕೇಳಿದವರು ‘ಸಮಾಯೀನ್’ ಎಂಬುದರ ಒಳಗೆ ನಮ್ಮದೇ ಪದ ಕುಳಿತಿರುವುದನ್ನು ಗಮನಿಸಿಲ್ಲ. ಗಲಿಸಿಯಾದವರಿಗೆ ಇದು ಐರಿಷ್ ಭಾಷೆಯಿಂದ ಬಂದದ್ದು. ಅದರ ಹಳೆಯ ರೂಪವನ್ನು ‘ಸಭೆ, ಕೂಡುವಿಕೆ’ ಎಂಬ ಅರ್ಥದ ಧಾತುವಿಗೆ ಸೇರಿಸಿ, ಋಗ್ವೇದದ ‘ಸಮನ’ ಶಬ್ದದೊಡನೆ ಹೋಲಿಸಿದ ವಿದ್ವಾಂಸರಿದ್ದಾರೆ. ವೇದದಲ್ಲಿ ‘ಸಮನ’ ಎಂದರೆ ಜನ ನೆರೆಯುವ ಕೂಟ, ಉತ್ಸವ. 1897ರಲ್ಲಿ ಫ್ರಾನ್ಸಿನ ಕೊಲಿಞಿಯಲ್ಲಿ ದೊರೆತ ಕೆಲ್ಟಿಕ್ ಜನರ ಕಂಚಿನ ಪಂಚಾಂಗದಲ್ಲಿ ‘ಸಮೋನಿಯೊಸ್’ ಎಂಬ ಮಾಸವೇ ಇದೆ. ಇಷ್ಟು ಸ್ಪಷ್ಟವಾದ ನಂಟಿರುವಾಗ ‘ಸಮನೋತ್ಸವ’ ಎಂದರೆ ಪದವೂ ಸಿಕ್ಕಿತು, ಅರ್ಥವೂ ಸಿಕ್ಕಿತು.

‘ಪಾಶ್ಚಾತ್ಯರ ಪಿತೃಪಕ್ಷ’ವನ್ನೂ ಬಿಡಬೇಕಾಗಿಲ್ಲ. ಸತ್ತವರನ್ನು ನೆನೆಯುವ ಕಾಲ ಅದು, ಇದೂ ಅದೇ. ‘ಹಿರಿಯರ ಹಬ್ಬ’ ಎಂದರೆ ಹಳ್ಳಿಯವರಿಗೂ ತಿಳಿಯುತ್ತದೆ. ‘ಶರದೃತು’ ಎಂಬುದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಆಶ್ವಯುಜ, ಕಾರ್ತಿಕ ಮಾಸಗಳೇ ಅಲ್ಲವೇ?


ಉತ್ತರ – ಶಿವಮೊಗ್ಗದಿಂದ

ಐರಿಷ್ ಪದವನ್ನು ಸಂಸ್ಕೃತಕ್ಕೆ ತಿರುಗಿಸಿ ಕನ್ನಡ ಮಾಡಿದೆವು ಎನ್ನುವುದನ್ನು ಒಪ್ಪಲಾರೆ. ಕನ್ನಡಿಗನಿಗೆ ‘ಸಮನ’ವೂ ಎರವಲು, ‘ಸಮಾಯೀನ್’ ಕೂಡ ಎರವಲು. ಸುಡು, ಕೂಡು ಎರಡೂ ನಮ್ಮವೇ ಆಗಿರುವಾಗ ಮಗೊಸ್ತೊಗೆ ‘ಸುಡುಗೂಟ’ ಎನ್ನಿ. ಶರತ್ಕಾಲಕ್ಕೆ ‘ಹಿಂಗಾರು’ ಎನ್ನಿ.

ಗಲಿಸಿಯಾದವರೂ ಇದನ್ನೇ ಮಾಡಿದ್ದಾರೆ. ಸ್ಪ್ಯಾನಿಷಿನ ‘ಕಾಯೆ’ ತೆಗೆದು ಬೀದಿಗೆ ತಮ್ಮ ‘ರೂಆ’ ಇಟ್ಟರು, ‘ದಿಯೋಸ್’ ತೆಗೆದು ದೇವರಿಗೆ ‘ದೇಉಸ್’ ಇಟ್ಟರು. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಶಾಲೆ ಕಚೇರಿಗಳಿಂದ ಹೊರಗಿದ್ದ ಅವರ ನುಡಿ 1981ರಲ್ಲಿ ಸ್ಪ್ಯಾನಿಷಿನ ಸಾಟಿಗೆ ಆಡಳಿತದ ನುಡಿಯಾಯಿತು. ತಮ್ಮ ಪದಗಳಿಗಾಗಿ ಅಷ್ಟು ಹೋರಾಡಿದವರ ಹಬ್ಬವನ್ನು ನಾವು ಮೂರನೆಯವರ ಪದದಲ್ಲಿ ಬರೆಯುವುದು ಅವರಿಗೂ ಅವಮಾನ, ನಮಗೂ ಅವಮಾನ.


ಉತ್ತರ – ಮಂಗಳೂರಿನಿಂದ

ಕೆಲಸದ ಮಾತು ಮೊದಲು. ‘ಸುಡುಗೂಟ’ ಬೇಡವೇ ಬೇಡ, ಕೇಳಿದ ತಕ್ಷಣ ಕಿವಿಗೆ ಬೀಳುವುದು ಸುಡುಗಾಡು. ಸಂತರ ಹಬ್ಬ, ಸ್ಮಶಾನ, ಮೇಣದಬತ್ತಿ ಎಲ್ಲ ಇರುವ ಲೇಖನದಲ್ಲಿ ಆ ಪದ ಬಂದರೆ ಓದುಗ ಹೆಣ ಸುಡುವುದನ್ನೇ ಕಾಣುತ್ತಾನೆ. ‘ಹಿಂಗಾರು’ ಕೂಡ ಬೇಡ. ಅದು ಈಶಾನ್ಯದಿಂದ ಬರುವ ನಮ್ಮ ಮಳೆಯ ಹೆಸರು. ಗಲಿಸಿಯಾದ ಮಳೆ ಅಟ್ಲಾಂಟಿಕ್ ಕಡಲಿನಿಂದ, ಪಶ್ಚಿಮದಿಂದ ಬರುತ್ತದೆ. ಮೈಸೂರಿನ ಹಿರಿಯರು ಹೇಳಿದ ಶರದೃತುವೂ ಸರಿಹೋಗುವುದಿಲ್ಲ. ಶರತ್ ಎಂದರೆ ಮಳೆ ನಿಂತು ತಿಳಿಯಾದ ಆಕಾಶ, ಬೆಳದಿಂಗಳು. ಗಲಿಸಿಯಾದ ಕಡಲಂಚಿನಲ್ಲಿ ಮಳೆ ಬಲವಾಗುವುದೇ ಆಗ. ಲೇಖನದಲ್ಲಿ ಮಳೆ, ಮಂಜು ಇರುವಲ್ಲಿ ‘ಎಲೆ ಉದುರುವ ಕಾಲ’ ಎಂದು ಬಿಡಿಸಿ ಬರೆಯುವುದೇ ಸರಿ.

ಈಗ ಮುಖ್ಯ ವಿಷಯ. ನಾವೆಲ್ಲರೂ ಮೂರು ಹೆಸರುಗಳನ್ನು ಒಂದೇ ಬುಟ್ಟಿಗೆ ಹಾಕುತ್ತಿದ್ದೇವೆ, ಅದರಿಂದಲೇ ಗೊಂದಲ. ಮಗೊಸ್ತೊ ಅಲ್ಲಿಯ ಜನರ ಹಳೆಯ ಮಾತು. ಅದರ ಹುಟ್ಟಿನ ಬಗ್ಗೆ ಒಮ್ಮತವಿಲ್ಲ. ‘ಮಹಾ ಉರಿ’ ಎಂಬ ಅರ್ಥದ ಲ್ಯಾಟಿನ್ ಮೂಲವನ್ನು ಹೇಳುವವರು ಹೆಚ್ಚು. ಆಲೂಗಡ್ಡೆ, ಮೆಕ್ಕೆಜೋಳ ಅಮೆರಿಕದಿಂದ ಬಂದು ಹರಡುವ ಮೊದಲು ಚೆಸ್ಟ್‌ನಟ್ಟೇ ಅಲ್ಲಿಯ ಬಡವರ ಹೊಟ್ಟೆ ತುಂಬಿಸುತ್ತಿತ್ತು. ಅದರ ಕೊಯ್ಲು ಮುಗಿದಾಗ ಹಾಕಿದ ಬೆಂಕಿ ಇದು. ನವೆಂಬರ್ 11ರ ಸಂತ ಮಾರ್ಟಿನನ ದಿನದ ಹೊತ್ತಿಗೆ ಹೊಸ ವೈನೂ ಸಿದ್ಧವಾಗಿರುತ್ತದೆ.

ಸಮಾಯೀನ್ ಹಾಗಲ್ಲ. ಆ ಪದ ಅಜ್ಜಿಯರ ಬಾಯಲ್ಲಿ ಇರಲಿಲ್ಲ. ಸೆದೇಯ್ರಾ ಎಂಬ ಮೀನುಗಾರರ ಪಟ್ಟಣದಲ್ಲಿ ಶಿಕ್ಷಕರಾಗಿದ್ದ ರಫಾಯೆಲ್ ಲೋಪೆಸ್ ಲೌರೇಯ್ರೊ ಅವರು ಹಿರಿಯರನ್ನು ಕೇಳಿ ಕುಂಬಳಕಾಯಿ ಕೊರೆಯುವ ಹಳೆಯ ರೂಢಿಯನ್ನು ದಾಖಲಿಸಿದರು. 1990ರ ದಶಕದಲ್ಲಿ ಮಕ್ಕಳ ಕೈಗೆ ಮತ್ತೆ ಕುಂಬಳಕಾಯಿ ಬಂತು. ಆ ಹಬ್ಬಕ್ಕೆ ಐರಿಷ್ ಹೆಸರನ್ನು ತಂದು ಇಟ್ಟರು. ರೂಢಿ ಊರಿನದು, ಹೆಸರು ಹೊರಗಿನದು. ಹ್ಯಾಲೋವೀನ್ ಅಮೆರಿಕದಿಂದ ಸಿನಿಮಾ, ಅಂಗಡಿಗಳ ಮೂಲಕ ಬಂದ ಮೂರನೆಯ ಪದರ. ಲೇಖಕರು ಎರಡು ಹೆಸರು ಬಳಸಿದ್ದಾರೆಂದರೆ ಎರಡು ಸಂಗತಿಗಳನ್ನು ಹೇಳುತ್ತಿದ್ದಾರೆ. ಎರಡಕ್ಕೂ ‘ಹಿರಿಯರ ಹಬ್ಬ’ ಎಂದು ಬರೆದರೆ ಲೇಖನದ ಬೆನ್ನೆಲುಬನ್ನೇ ಮುರಿದ ಹಾಗೆ. ಶಿವಮೊಗ್ಗದವರೂ ಗಮನಿಸಬೇಕು: ತಮ್ಮ ನುಡಿಗಾಗಿ ಹೋರಾಡಿದ ಅದೇ ಜನ ತಮಗೆ ಬೇಕೆಂದಾಗ ಹೊರಗಿನ ಹೆಸರನ್ನು ಅಳುಕಿಲ್ಲದೆ ತೆಗೆದುಕೊಂಡರು.

ಪಿತೃಪಕ್ಷದ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಅಲ್ಲಿ ಎಡೆ ಇಲ್ಲ, ತರ್ಪಣವಿಲ್ಲ, ತಿಥಿಯಿಲ್ಲ. ಸುಟ್ಟ ಚೆಸ್ಟ್‌ನಟ್ ಒಂದನ್ನು ತಿಂದರೆ ಶುದ್ಧೀಕರಣ ಸ್ಥಳದಿಂದ (ಸತ್ತವರ ಆತ್ಮಗಳು ಸ್ವರ್ಗಕ್ಕೆ ಹೋಗುವ ಮೊದಲು ಪಾಪ ತೊಳೆದುಕೊಳ್ಳುವ ಜಾಗ) ಒಂದು ಆತ್ಮಕ್ಕೆ ಬಿಡುಗಡೆ ಎಂಬ ನಂಬಿಕೆಯಿದೆ. ರಾತ್ರಿ ಮೇಣದಬತ್ತಿ ಹಿಡಿದು ಸಾಲಾಗಿ ನಡೆಯುವ ಪ್ರೇತಗಳ ‘ಸಾಂತಾ ಕೊಂಪಾನ್ಯ’ ಮೆರವಣಿಗೆಯ ಕಥೆಗಳಿವೆ. ಅದರ ಮುಂದೆ ಶಿಲುಬೆ ಹೊತ್ತು ನಡೆಯುವವನು ಬದುಕಿರುವ ಮನುಷ್ಯ, ಬೆಳಗಾದರೆ ಅವನಿಗೆ ಏನೂ ನೆನಪಿರುವುದಿಲ್ಲ. ಇವೆಲ್ಲ ಕ್ರೈಸ್ತ ನಂಬಿಕೆಯ ಒಳಗಿನವು. ಅದಕ್ಕೆ ಬೇಕಾದ ಪದಗಳು ಕನ್ನಡದಲ್ಲಿ ಈಗಾಗಲೇ ಇವೆ. ನವೆಂಬರ್ 1 ‘ಸಕಲ ಸಂತರ ಹಬ್ಬ’, ನವೆಂಬರ್ 2 ‘ಸಕಲ ಮೃತರ ಸ್ಮರಣೆ’. ನಮ್ಮ ಊರಿನ ಇಗರ್ಜಿಗಳಲ್ಲಿ ಆ ದಿನ ಸಮಾಧಿಗಳಿಗೆ ಹೂವಿಟ್ಟು ಬತ್ತಿ ಹಚ್ಚುತ್ತಾರೆ. ಕನ್ನಡ ಮಾತನಾಡುವ ಕ್ರೈಸ್ತರು ದಿನವೂ ಬಳಸುವ ಪದಗಳನ್ನು ಬಿಟ್ಟು ವೇದಕ್ಕೂ ಹಳಗನ್ನಡಕ್ಕೂ ಓಡುವುದೇಕೆ? ನನಗೆ ಸಿಟ್ಟು ಬರುವುದು ಇಲ್ಲಿಯೇ.

ಅಂದ ಹಾಗೆ, ‘ಇಗರ್ಜಿ’ ಪೋರ್ಚುಗೀಸರ ‘ಇಗ್ರೇಜಾ’ದಿಂದ ಬಂದದ್ದು. ಗಲಿಸಿಯಾದವರು ಅದನ್ನೇ ‘ಇಗ್ರೇಷಾ’ ಎನ್ನುತ್ತಾರೆ, ಏಕೆಂದರೆ ಮಧ್ಯಯುಗದಲ್ಲಿ ಪೋರ್ಚುಗೀಸ್ ಮತ್ತು ಗಲಿಸಿಯನ್ ಎರಡೂ ಒಂದೇ ನುಡಿಯಾಗಿದ್ದವು. ನಮ್ಮ ಮೇಜು ಅವರ ‘ಮೇಸಾ’, ನಮ್ಮ ಚಾವಿ ಅವರ ‘ಚಾವೆ’. ಆ ಕರಾವಳಿಯ ನೆಂಟರು ನಮ್ಮ ಮನೆಯೊಳಗೆ ಎಂದೋ ಬಂದು ಕುಳಿತಿದ್ದಾರೆ.


ಉತ್ತರ – ಶಿವಮೊಗ್ಗದಿಂದ

ಮೇಜು, ಚಾವಿ ಬಂದದ್ದು ವಸ್ತುವಿನ ಜೊತೆ, ವ್ಯಾಪಾರದ ಜೊತೆ. ಅವನ್ನು ಯಾರೂ ಪತ್ರಿಕೆಯ ಪುಟದಿಂದ ತಂದು ನೆಡಲಿಲ್ಲ. ಎರಡೂ ಒಂದೇ ಎನ್ನುವುದು ತಪ್ಪು ವಾದ. ‘ಸುಡುಗೂಟ’ವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಸುಡುಗಾಡಿನ ಭಯಕ್ಕೆ ‘ಸುಡು’ವನ್ನೇ ಬಿಡುವುದಾದರೆ ‘ಸುಟ್ಟ ಗೆಣಸು’ ಎನ್ನುವುದನ್ನೂ ಬಿಡಬೇಕಾಗುತ್ತದೆ.


ಉತ್ತರ – ಮೈಸೂರಿನಿಂದ

‘ಸಕಲ’, ‘ಸಂತ’, ‘ಮೃತ’, ‘ಸ್ಮರಣೆ’ – ಮಂಗಳೂರಿನವರು ಮೆಚ್ಚಿದ ಪದಗಳೆಲ್ಲ ಸಂಸ್ಕೃತದ ಮೂಲದವೇ. ‘ಸಮನ’ ಮಾತ್ರ ಏಕೆ ಬೇಡ ಎಂಬುದಕ್ಕೆ ಉತ್ತರ ಸಿಗಲಿಲ್ಲ.


ಉತ್ತರ – ಮಂಗಳೂರಿನಿಂದ

ಉತ್ತರ ಇದೆ. ಅವು ನಾಲ್ಕೂ ಬಳಕೆಯಲ್ಲಿವೆ, ‘ಸಮನ’ ಬಳಕೆಯಲ್ಲಿಲ್ಲ. ಅಲ್ಲದೆ ‘ಸಭೆ’ ಎಂಬ ಮೂಲ ಒಂದು ಊಹೆ ಮಾತ್ರ. ‘ಬೇಸಿಗೆ’ ಎಂಬ ಅರ್ಥದ ಕೆಲ್ಟಿಕ್ ಧಾತುವಿಗೆ ಸೇರಿಸುವವರೂ ಇದ್ದಾರೆ. ತೀರ್ಮಾನವಾಗದ ವ್ಯುತ್ಪತ್ತಿಯ ಮೇಲೆ ಹಬ್ಬದ ಹೆಸರನ್ನು ಕಟ್ಟಬಾರದು.


ಉತ್ತರ – ಧಾರವಾಡದಿಂದ

ಮೂರನೆಯ ಪದದ ಬಗ್ಗೆ ಯಾರೂ ಮಾತನಾಡಿಲ್ಲ. ‘ಕುಂಬಳಕಾಯಿ ದೀಪ’ ಎಂದರೆ ನಮ್ಮವರ ಕಣ್ಣಿಗೆ ಬರುವುದು ಆಯುಧಪೂಜೆಯಲ್ಲಿ ಕುಂಕುಮ ತುಂಬಿ ಒಡೆಯುವ ಬೂದುಗುಂಬಳ. ಅಲ್ಲಿ ಕೊರೆಯುವುದು ಸಿಹಿಗುಂಬಳವನ್ನು. ಆ ಬಳ್ಳಿಯೂ ಅಮೆರಿಕದಿಂದಲೇ ಬಂದದ್ದು. ಕೊಲಂಬಸ್‌ಗಿಂತ ಹಿಂದೆ ಯುರೋಪಿನಲ್ಲಿ ಅದು ಇರಲೇ ಇಲ್ಲ. ಹಾಗಾಗಿ ‘ಸಾವಿರಾರು ವರ್ಷಗಳಿಂದ ಕುಂಬಳ ಕೊರೆಯುತ್ತಾ ಬಂದಿದ್ದಾರೆ’ ಎಂದು ಲೇಖನದಲ್ಲಿದ್ದರೆ ಲೇಖಕರಿಗೆ ತಿಳಿಸಿ.

ಹೆಸರಿಗೆ ನನ್ನ ಸಲಹೆ ‘ಬುರುಡೆ’. ಸೋರೆಯ ತಿರುಳು ತೆಗೆದು ಒಣಗಿಸಿದರೆ ಅದು ಸೋರೆ ಬುರುಡೆ. ತಲೆಯ ಎಲುಬೂ ಬುರುಡೆ. ವಿದ್ಯುತ್ ದೀಪದ ಗಾಜಿಗೂ ಬುರುಡೆ ಎನ್ನುವುದುಂಟು. ಸೆದೇಯ್ರಾದವರ ‘ಕಾಲಿವೇರಾ’ವೂ ತಲೆಬುರುಡೆ ಎಂಬರ್ಥದ ‘ಕಾಲಾವೇರಾ’ಕ್ಕೆ ಅಂಟಿಕೊಂಡ ಪದವೇ. ಕಾಯಿ, ತಲೆ, ಬೆಳಕು ಮೂರನ್ನೂ ಒಂದೇ ಮಾತಿನಲ್ಲಿ ಹೇಳುವ ಪದ ಕನ್ನಡದಲ್ಲಿರುವಾಗ ಬೇರೆ ಕಡೆ ಹುಡುಕಬೇಕಾಗಿಲ್ಲ. ‘ಕುಂಬಳ ಬುರುಡೆ’ ಎನ್ನಿ. ‘ಬುರುಡೆ ಬಿಡುವುದು’ ಎಂಬ ಮಾತಿದೆಯೆಂದು ಯಾರಾದರೂ ಅಡ್ಡ ಬಂದರೆ, ಕಿವಿ, ಮೂಗು, ಕೈ ಯಾವುದಕ್ಕೆ ಅಂಥ ನುಡಿಗಟ್ಟು ಇಲ್ಲ ಎಂದು ಕೇಳಿ.


ಉತ್ತರ – ಶಿವಮೊಗ್ಗದಿಂದ

ಬುರುಡೆಗೆ ನನ್ನ ಪೂರ್ಣ ಒಪ್ಪಿಗೆ.


ಉತ್ತರ – ಮೈಸೂರಿನಿಂದ

ಪದ ಚೆನ್ನಾಗಿದೆ. ‘ಕುಂಬಳದ ಬುರುಡೆ’ ಎಂದು ವಿಭಕ್ತಿ ಸೇರಿಸಿ ಬರೆಯುವುದು ಮೇಲು.


ಪ್ರಶ್ನೆ ಕೇಳಿದವರಿಂದ – ಬೆಂಗಳೂರು

ಎಲ್ಲರಿಗೂ ಕೃತಜ್ಞತೆಗಳು. ಅಡಿಬರಹಗಳು ಹೀಗಿವೆ: ‘ಮಗೊಸ್ತೊ: ಚೆಸ್ಟ್‌ನಟ್ ಸುಡುವ ಕೂಟ’, ‘ಸೆದೇಯ್ರಾದ ಕುಂಬಳದ ಬುರುಡೆಗಳು’, ‘ಸಕಲ ಸಂತರ ಹಬ್ಬದ ಮುನ್ನಾರಾತ್ರಿ’. ಸಮಾಯೀನ್, ಹ್ಯಾಲೋವೀನ್ ಎರಡನ್ನೂ ಹೆಸರಾಗಿಯೇ ಉಳಿಸಿ, ಮೊದಲ ಸಲ ಬಂದಲ್ಲಿ ಒಂದೊಂದು ವಾಕ್ಯದ ವಿವರಣೆ ಸೇರಿಸಿದ್ದೇನೆ. ‘ಸಾವಿರಾರು ವರ್ಷ’ ಎಂಬ ಮಾತು ಮೂಲದಲ್ಲಿ ಇತ್ತು. ಲೇಖಕರಿಗೆ ಬರೆದಿದ್ದೇನೆ.

ಇನ್ನೊಂದು ಉಳಿದಿದೆ. ಆ ದಿನ ಗಲಿಸಿಯಾದ ಸ್ಮಶಾನಗಳಲ್ಲಿ ರಾಶಿ ರಾಶಿ ಸೇವಂತಿಗೆ ಇಡುತ್ತಾರೆಂದು ಲೇಖನದಲ್ಲಿದೆ. ನಮ್ಮಲ್ಲಿ ಅದು ಮುಡಿಯುವ ಹೂವು, ಪೂಜೆಯ ಹೂವು. ಬದಲಾಯಿಸಬೇಕೇ?


ಉತ್ತರ – ಮಂಗಳೂರಿನಿಂದ

ಬೇಡ. ಸೇವಂತಿಗೆಯೇ ಇರಲಿ, ವಿವರಣೆಯನ್ನೂ ಸೇರಿಸಬೇಡಿ.