‘ಸ್ಟೇಕ್‌ಹೋಲ್ಡರ್’ ಎಂಬುದಕ್ಕೆ ‘ಪಾಲುದಾರ’ ಸರಿಯೇ?

ಪದಬಲ್ಲವರಲ್ಲಿ ಒಂದು ಪ್ರಶ್ನೆ. ಅಭಿವೃದ್ಧಿಶೀಲ ದೇಶಗಳ ಕಡಲತೀರಗಳಲ್ಲಿ ಬೆಳೆಯುತ್ತಿರುವ ಪ್ರವಾಸೋದ್ಯಮವನ್ನು ಅಲ್ಲಿಯ ನಿವಾಸಿಗಳು ಹೇಗೆ ಕಾಣುತ್ತಾರೆ ಎಂಬ ಬಗ್ಗೆ ಬರೆಯುತ್ತಿದ್ದೇನೆ. ‘ಸುಸ್ಥಿರ ಪ್ರವಾಸೋದ್ಯಮ’ ಬಳಕೆಯಲ್ಲಿ ನೆಲೆಯೂರಿದೆ, ತಕರಾರಿಲ್ಲ. ತೊಡಕಿರುವುದು ‘ಸ್ಟೇಕ್‌ಹೋಲ್ಡರ್’ ಎಂಬಲ್ಲಿ, ಅಂದರೆ ಒಂದು ಉದ್ಯಮದ ಒಳಿತು ಕೆಡುಕು ತಟ್ಟುವ ಎಲ್ಲರನ್ನೂ ಸೇರಿಸಿ ಕರೆಯುವ ಪದದಲ್ಲಿ.

ಪತ್ರಿಕೆಗಳಲ್ಲಿ ಇದು ‘ಪಾಲುದಾರ’ ಅಥವಾ ‘ಭಾಗೀದಾರ’. ಪಾಲು ಎಂದೊಡನೆ ನಮಗೆ ಹೊಳೆಯುವುದು ಆಸ್ತಿಯಲ್ಲಿ, ಲಾಭದಲ್ಲಿ ಸಿಗುವ ಹಿಸ್ಸೆ. ರೆಸಾರ್ಟ್ ಕಟ್ಟಿದ ಕಂಪನಿಗೆ ಅದು ಒಪ್ಪುತ್ತದೆ. ದೋಣಿ ಎಳೆದಿಡುವ ಜಾಗವನ್ನೇ ಕಳೆದುಕೊಂಡ ಮೀನುಗಾರನಿಗೆ ಯಾವ ಪಾಲು? ಹೋಟೆಲುಗಳು ಅಂತರ್ಜಲವನ್ನು ಎಳೆದೆಳೆದು ಬಾವಿಗೆ ಉಪ್ಪುನೀರು ನುಗ್ಗಿದ ಮನೆಯವರಿಗೆ ಯಾವ ಪಾಲು? ಇವರೆಲ್ಲರನ್ನೂ ಒಂದೇ ಹೆಸರಿನಲ್ಲಿ ಕೂರಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

‘ಹಿತಾಸಕ್ತರು’ ಎನ್ನೋಣವೆಂದರೆ ‘ಪಟ್ಟಭದ್ರ ಹಿತಾಸಕ್ತಿ’ಯ ವಾಸನೆ ಬಿಡುವುದಿಲ್ಲ. ‘ಬಾಧಿತರು’ ಅರ್ಧ ಸತ್ಯ. ಫಿಲಿಪೀನ್ಸಿನ ಬೊರಾಕೇ ದ್ವೀಪವನ್ನೇ ನೋಡಿ. ಶುದ್ಧೀಕರಿಸದ ಕೊಳಚೆ ಸಮುದ್ರ ಸೇರುತ್ತಿದೆಯೆಂದು 2018ರ ಏಪ್ರಿಲ್‌ನಿಂದ ಆರು ತಿಂಗಳು ಸರ್ಕಾರ ಅದನ್ನು ಪ್ರವಾಸಿಗರಿಗೆ ಮುಚ್ಚಿತು. ಕಡಲು ಕೆಟ್ಟಾಗ ನಷ್ಟ ಅಲ್ಲಿಯ ಜನರದು, ಮುಚ್ಚಿದಾಗ ದಿನಗೂಲಿ ಹೋದದ್ದೂ ಅವರದೇ. ಉದ್ಯಮದಿಂದ ನೊಂದವರೂ ಅದರಿಂದಲೇ ಉಂಡವರೂ ಒಂದೇ ಮನೆಯಲ್ಲಿರುತ್ತಾರೆ. ಪದ ಎರಡನ್ನೂ ಹೊರಬೇಕು.

ನನ್ನ ಒಲವು ‘ಬಾಧ್ಯಸ್ಥರು’ ಕಡೆಗೆ. ಕ್ರಯಪತ್ರಗಳ ‘ಹಕ್ಕುಬಾಧ್ಯತೆ’ಯ ಬಳಗದ ಪದ ಇದು. ಹಕ್ಕೂ ಇದೆ, ಹೊರೆಯೂ ಇದೆ.

ಜೊತೆಗೆ ಇನ್ನೊಂದು. ನಿವಾಸಿಗಳ ‘ಆಟಿಟ್ಯೂಡ್’ ಎಂಬುದಕ್ಕೆ ‘ಧೋರಣೆ’ ಎಂದರೆ ದೂರಿದಂತಾಗುತ್ತದೆ, ‘ನಿಲುವು’ ಎಂದರೆ ಕದಲದ್ದು ಎಂಬ ಭಾವ ಬರುತ್ತದೆ. ಪ್ರವಾಸಿಗರು ಹೆಚ್ಚಿದಂತೆ ಊರವರ ಮನಸ್ಸು ಹಿಗ್ಗಿನಿಂದ ಉದಾಸೀನಕ್ಕೆ, ಅಲ್ಲಿಂದ ಕಿರಿಕಿರಿಗೆ, ಕೊನೆಗೆ ಹಗೆತನಕ್ಕೆ ಸರಿಯುತ್ತದೆ ಎಂದು ಪ್ರವಾಸೋದ್ಯಮದ ಸಂಶೋಧಕ ಡಾಕ್ಸಿ 1975ರಲ್ಲಿಯೇ ಹೇಳಿದ್ದರು. ಆದ್ದರಿಂದ ‘ಮನೋಭಾವ’ ಎಂದಿಟ್ಟುಕೊಂಡಿದ್ದೇನೆ. ಇದನ್ನು ‘ಸಮ್ಮತಿ’ ಎಂದು ಯಾರೂ ಓದಿಕೊಳ್ಳಬಾರದು. ಸಮೀಕ್ಷೆಯಲ್ಲಿ ‘ಒಳ್ಳೆಯದು’ ಎಂದವರೆಲ್ಲ ಯೋಜನೆಗೆ ಒಪ್ಪಿಗೆ ಕೊಟ್ಟವರಲ್ಲ.

ಕಾನೂನು ಬಲ್ಲವರು ತಿಳಿಸಿ: ‘ಬಾಧ್ಯಸ್ಥ’ ಎಂದರೆ ದಾಖಲೆಯಲ್ಲಿ ಹೆಸರಿರುವವನು ಎಂದೇ ಅರ್ಥವಾಗುತ್ತದೆಯೇ? ಹಾಗಿದ್ದರೆ ಹಕ್ಕುಪತ್ರವಿಲ್ಲದೆ ತಲೆಮಾರುಗಳಿಂದ ದಡದಲ್ಲಿ ಬದುಕುತ್ತಿರುವವರು ಈ ಪದದಿಂದಲೂ ಹೊರಗುಳಿಯುತ್ತಾರೆ. ನಾನು ಬೇರೆಯದನ್ನು ಹುಡುಕಬೇಕು.